ಗ್ಯಾಸಿನ ಒಲೆಯೂ ‘ಅಜಾಗರೂಕತೆ’ಯೂ

2024ರ ಡಿಸೆಂಬರ್ ತಿಂಗಳಲ್ಲಿ ಹುಬ್ಬಳ್ಳಿಯ ಅಚ್ಚವ್ವನ ಕಾಲೋನಿಯಲ್ಲಿ, ದೇವಸ್ಥಾನದ ಕೋಣೆಯೊಂದರಲ್ಲಿ ರಾತ್ರಿ ಮಲಗಿದ್ದ ಒಂಬತ್ತು ಮಂದಿ ಅಯ್ಯಪ್ಪ ಮಾಲಾಧಾರಿಗಳು ಬೆಂಕಿಗೆ ಸಿಕ್ಕರು. ಸಿಲಿಂಡರಿನಿಂದ ಸೋರಿದ ಗ್ಯಾಸಿಗೆ ಉರಿಯುತ್ತಿದ್ದ ದೀಪ ತಾಕಿತೆಂದು ಆಗ ವರದಿಯಾಯಿತು. ಅವರಲ್ಲಿ ಎಂಟು ಮಂದಿ ಒಬ್ಬರ ಹಿಂದೆ ಒಬ್ಬರಂತೆ ಆಸ್ಪತ್ರೆಯಲ್ಲಿ ತೀರಿಕೊಂಡರು. ಮಂತ್ರಿಗಳು ಬಂದರು, ಪರಿಹಾರ ಘೋಷಣೆಯಾಯಿತು, ಪತ್ರಿಕೆಗಳಲ್ಲಿ ಒಂದು ವಾರ ಚಿತ್ರಗಳು ಬಂದವು. ಆಮೇಲೆ ಎಲ್ಲರೂ ಸುಮ್ಮನಾದರು.

ಇಂಥ ಪ್ರತಿಯೊಂದು ಅನಾಹುತವಾದಾಗಲೂ ಪೋಲೀಸರ ಕಾಗದದಲ್ಲಿ ಒಂದು ಮಾತು ತಪ್ಪದೆ ಬರುತ್ತದೆ: ಅಜಾಗರೂಕತೆ. ಈ ಮಾತು ಬಂತೆಂದರೆ ವಿಚಾರಣೆ ಮುಗಿಯಿತೆಂದೇ ಅರ್ಥ. ಸತ್ತವನೇ ತಪ್ಪಿತಸ್ಥ; ಅವನು ಬಂದು ಉತ್ತರ ಹೇಳುವಂತಿಲ್ಲ. ನಾವು ಕೇಳುವ ಪ್ರಶ್ನೆ ಇಷ್ಟೆ. ಹಳ್ಳಿ ಹಳ್ಳಿಗೂ, ಗಿರಣಿಯ ಚಾಳಿನ ಒಂದೊಂದು ಕೋಣೆಗೂ ಈ ಅನಿಲವನ್ನು ತಲುಪಿಸಿದವರು ಅದರ ಗುಣವೇನು, ದೋಷವೇನು ಎಂಬುದನ್ನೂ ಜೊತೆಗೆ ತಲುಪಿಸಿದರೇ? ಸಿಲಿಂಡರು ಕೊಡುವಾಗ ಒಂದು ಪುಸ್ತಕ ಕೊಟ್ಟರು, ನಿಜ. ಅದನ್ನು ಓದಿ ಹೇಳಿದವರು ಯಾರು? ತಿಳಿಸದೆ ಕೊಟ್ಟವನದು ಅಜಾಗರೂಕತೆಯಲ್ಲವೇ?

ಆ ಕೆಲಸವನ್ನು ಈ ವಾರ ನಮ್ಮ ಕೈಲಾದ ಮಟ್ಟಿಗೆ ನಾವೇ ಮಾಡುವುದೆಂದು ನಿಶ್ಚಯಿಸಿದ್ದೇವೆ. ಸಂಪಾದಕೀಯದಲ್ಲಿ ರಸಾಯನಶಾಸ್ತ್ರವೇಕೆ ಎಂದು ಕೆಲವರು ಮೂಗು ಮುರಿಯಬಹುದು. ಮುರಿಯಲಿ. ಮೂಗಿನ ವಿಚಾರವೂ ಮುಂದೆ ಬರುವುದಿದೆ.

ನಮ್ಮ ಮನೆಗೆ ಬರುವ ಸಿಲಿಂಡರಿನಲ್ಲಿರುವುದು ಪ್ರೊಪೇನ್ ಮತ್ತು ಬ್ಯೂಟೇನ್ ಎಂಬ ಎರಡು ಅನಿಲಗಳ ಮಿಶ್ರಣ. ಎರಡೂ ಇಂಗಾಲ ಮತ್ತು ಜಲಜನಕ ಕೂಡಿ ಆದ ವಸ್ತುಗಳು. ಕಚ್ಚಾ ಎಣ್ಣೆಯನ್ನು ಶುದ್ಧಿ ಮಾಡುವಾಗಲೂ, ನೆಲದಿಂದ ಬರುವ ನೈಸರ್ಗಿಕ ಅನಿಲವನ್ನು ಬೇರ್ಪಡಿಸುವಾಗಲೂ ಇವು ಸಿಗುತ್ತವೆ. ಪ್ರೊಪೇನ್ ಸೊನ್ನೆಗಿಂತ 42 ಡಿಗ್ರಿ ಕೆಳಗೇ ಕುದಿದು ಆವಿಯಾಗುತ್ತದೆ. ಬ್ಯೂಟೇನ್ ಸುಮಾರು ಸೊನ್ನೆ ಡಿಗ್ರಿಯಲ್ಲಿ. ಅಂದರೆ ನಮ್ಮ ಊರಿನ ಹವೆಯಲ್ಲಿ ಎರಡೂ ಗಾಳಿಯಂತೆಯೇ ಇರಬೇಕಾದವು. ಆದರೆ ಒತ್ತಡ ಹಾಕಿ ಅದುಮಿದರೆ ನೀರಿನಂತೆ ದ್ರವವಾಗುತ್ತವೆ. ಸಿಲಿಂಡರನ್ನು ಅಲ್ಲಾಡಿಸಿದಾಗ ಒಳಗೆ ಕುಲುಕುವುದು ಈ ದ್ರವವೇ. ಒಂದು ಪಾಲು ದ್ರವ ಹೊರಗೆ ಬಂದರೆ ಸುಮಾರು 250 ಪಾಲು ಅನಿಲವಾಗಿ ಹಿಗ್ಗುತ್ತದೆ. ಇದರ ಅನುಕೂಲವೆಲ್ಲ ಇದರಲ್ಲಿದೆ, ಅಪಾಯವೂ ಇದರಲ್ಲೇ ಇದೆ.

1910ರಲ್ಲಿ ಅಮೆರಿಕಾದ ಸರಕಾರಿ ಗಣಿ ಇಲಾಖೆಯ ವಾಲ್ಟರ್ ಸ್ನೆಲ್ಲಿಂಗ್ ಎಂಬ ರಸಾಯನ ಶಾಸ್ತ್ರಜ್ಞನ ಬಳಿಗೆ ಒಂದು ದೂರು ಬಂದಿತಂತೆ. ಕಾರಿನ ಒಡೆಯನೊಬ್ಬ, ತಾನು ಕೊಂಡ ಪೆಟ್ರೋಲು ಮನೆ ಸೇರುವಷ್ಟರಲ್ಲಿ ಅರ್ಧ ಆವಿಯಾಗಿ ಹೋಗುತ್ತಿದೆಯೆಂದು ಗೋಳಾಡಿದ. ಹಾಗೆ ಹಾರಿಹೋಗುತ್ತಿದ್ದುದು ಏನೆಂದು ಸ್ನೆಲ್ಲಿಂಗ್ ಹುಡುಕಿ, ಪೆಟ್ರೋಲಿನಿಂದ ಪ್ರೊಪೇನ್, ಬ್ಯೂಟೇನ್‌ಗಳನ್ನು ಬೇರ್ಪಡಿಸಿ ಉರುವಲಾಗಿ ಬಳಸುವ ದಾರಿ ತೋರಿಸಿದ. ಆತನ ಹಕ್ಕುಪತ್ರವನ್ನು 50,000 ಡಾಲರು ಕೊಟ್ಟು ಕೊಂಡವರು ಎಣ್ಣೆ ಕಂಪೆನಿಯ ಒಡೆಯ ಫ್ರಾಂಕ್ ಫಿಲಿಪ್ಸ್. ಸರಕಾರದ ಸಂಬಳದಲ್ಲಿದ್ದವನ ಬುದ್ಧಿ, ಸಾಹುಕಾರನ ಗಲ್ಲಾಪೆಟ್ಟಿಗೆ: ಇದು ಹೊಸ ಕಥೆಯೇನೂ ಅಲ್ಲ.

ನಮ್ಮ ದೇಶಕ್ಕೆ ಈ ಗ್ಯಾಸು 1955ರಲ್ಲಿ ಮುಂಬಯಿಯ ಮೂಲಕ ಬಂತು. ಬರ್ಮಾ ಶೆಲ್ ಕಂಪೆನಿ ‘ಬರ್ಶೇನ್’ ಎಂಬ ಹೆಸರಿನಲ್ಲಿ ಮಾರಿತು. ಸರಕಾರದ ಇಂಡಿಯನ್ ಆಯಿಲ್ ಸಂಸ್ಥೆ 1965ರ ಅಕ್ಟೋಬರ್ 22ರಂದು ಕಲ್ಕತ್ತೆಯಲ್ಲಿ ‘ಇಂಡೇನ್’ನ ಮೊದಲ ಸಂಪರ್ಕ ಕೊಟ್ಟಿತು. 1974ರಲ್ಲಿ ಎಸ್ಸೋ, 1976ರಲ್ಲಿ ಬರ್ಮಾ ಶೆಲ್ ರಾಷ್ಟ್ರೀಕರಣವಾಗಿ ಇಂದಿನ ಎಚ್‌ಪಿ, ಭಾರತ್ ಗ್ಯಾಸುಗಳು ಆದವು. ಆಗೆಲ್ಲ ಗ್ಯಾಸಿನ ಒಲೆ ಬಂಗಲೆಯ ವಸ್ತುವಾಗಿತ್ತು. ಹೆಸರು ಬರೆಸಿ ವರ್ಷಗಟ್ಟಲೆ ಕಾಯಬೇಕಾಗಿತ್ತು. ಪಾರ್ಲಿಮೆಂಟ್ ಸದಸ್ಯರಿಗೆ ಹಂಚಲು ಸಂಪರ್ಕಗಳ ಕೋಟಾ ಇತ್ತು. ಅವರ ಮನೆಯ ಮೆಟ್ಟಿಲು ಹತ್ತಿದವನಿಗೆ ಒಲೆ ಉರಿಯುತ್ತಿತ್ತು. ಕೂಲಿಕಾರನ ಮನೆಯ ಹೆಂಗಸು ಹಸಿ ಸೌದೆ ಊದಿ ಕಣ್ಣು ಕೆಡಿಸಿಕೊಂಡಳು, ಇಲ್ಲವೆ ಸೀಮೆಎಣ್ಣೆಯ ಪಂಪ್ ಸ್ಟೌವಿಗೆ ಸೀರೆಯ ಸೆರಗು ಕೊಟ್ಟಳು. ಅಲ್ಲಿಂದ ಇಲ್ಲಿಯ ತನಕ ಬಂದಿರುವುದು ದೊಡ್ಡ ದಾರಿ. ಅದನ್ನು ನಾವು ಅಲ್ಲಗಳೆಯುವುದಿಲ್ಲ. 2016ರ ಮೇ 1ರಂದು, ಅದೂ ಕಾರ್ಮಿಕರ ದಿನವೇ, ಬಲಿಯಾದಲ್ಲಿ ಆರಂಭವಾದ ಉಜ್ವಲಾ ಯೋಜನೆಯಿಂದ 10 ಕೋಟಿಗೂ ಹೆಚ್ಚು ಬಡ ಮನೆಗಳಿಗೆ ಸಂಪರ್ಕ ಬಂದಿದೆ.

ಇಷ್ಟು ಜನ ಇದನ್ನು ಬಯಸುವುದಕ್ಕೆ ಕಾರಣವೂ ಇದೆ. ಒಂದು ಕಿಲೋ ಗ್ಯಾಸು ಉರಿದರೆ ಸುಮಾರು 11,000 ಕಿಲೋಕ್ಯಾಲರಿ ಶಾಖ ಸಿಗುತ್ತದೆ. ಒಳ್ಳೆಯ ಒಣಗಿದ ಸೌದೆಯಲ್ಲಿ ಇದರ ಅರ್ಧವೂ ಇಲ್ಲ. ಇರುವುದರಲ್ಲೂ ಮೂರು ಕಲ್ಲಿನ ಒಲೆಯಲ್ಲಿ ಪಾತ್ರೆಗೆ ಮುಟ್ಟುವುದು ಎಂಟನೆಯ ಒಂದು ಪಾಲೋ ಹತ್ತನೆಯ ಒಂದು ಪಾಲೋ. ಐಎಸ್ಐ ಗುರುತಿನ ಗ್ಯಾಸ್ ಒಲೆ ನೂರರಲ್ಲಿ 68 ಪಾಲು ಶಾಖವನ್ನು ಪಾತ್ರೆಗೆ ಕೊಡಬೇಕೆಂದು ನಿಯಮವಿದೆ. ಹೊಗೆಯಿಲ್ಲ, ಮಸಿಯಿಲ್ಲ. ಅಡುಗೆಮನೆಯ ಹೊರಗೂ ಇದಕ್ಕೆ ಕೆಲಸವುಂಟು. ಅಕ್ಕಸಾಲಿಗರ ಊದುಗೊಳವೆ, ಗ್ಯಾರೇಜಿನಲ್ಲಿ ಉಕ್ಕು ಕತ್ತರಿಸುವ ಉರಿ, ಬೆಂಗಳೂರಿನ ಆಟೋರಿಕ್ಷಾಗಳು ಎಲ್ಲಕ್ಕೂ ಇದೇ. ಗಿರಣಿಯ ಫಿನಿಶಿಂಗ್ ಖಾತೆಯಲ್ಲಿ ದುಡಿಯುವವರಿಗೆ ಸಿಂಜಿಂಗ್ ಮೆಷೀನು ಗೊತ್ತೇ ಇದೆ: ಬಟ್ಟೆ ಸಾಲಾಗಿ ಹಚ್ಚಿದ ಗ್ಯಾಸಿನ ಉರಿಯ ಮೇಲೆ ಓಡುತ್ತದೆ, ಮೇಲಿನ ನವಿರೆಳೆಗಳು ಸುಟ್ಟುಹೋಗುತ್ತವೆ, ಬಟ್ಟೆ ಮಾತ್ರ ಸುಡುವುದಿಲ್ಲ, ಓಟ ಒಂದು ಗಳಿಗೆ ನಿಂತರೆ ಥಾನೇ ಹೋಯಿತು. ಇನ್ನು ಅಂಗಡಿಯಲ್ಲಿ ತಂಪು ಪಾನೀಯ ಇಡುವ ಹೊಸ ಪೆಟ್ಟಿಗೆಗಳಲ್ಲೂ ಓಜೋನಿಗೆ ಕೇಡು ಮಾಡುವ ಹಳೆಯ ಅನಿಲದ ಬದಲು ಈ ಪ್ರೊಪೇನ್ ಅಥವಾ ಬ್ಯೂಟೇನ್ ಜಾತಿಯ ಅನಿಲವನ್ನೇ ಕೆಲವು ಗ್ರಾಂಗಳಷ್ಟು ತುಂಬಿರುತ್ತಾರೆ. ರಿಪೇರಿಯವನು ಬೆಸುಗೆಯ ಉರಿ ಹಚ್ಚುವ ಮುಂಚೆ ಹಿಂಬದಿಯ ಚೀಟಿ ನೋಡುವುದು ಒಳ್ಳೆಯದು.

ಈಗ ಅಪಾಯದ ಮಾತು. ಮೊದಲನೆಯದಾಗಿ, ಈ ಅನಿಲ ಗಾಳಿಗಿಂತ ಭಾರ. ಪ್ರೊಪೇನ್ ಒಂದೂವರೆ ಪಟ್ಟು, ಬ್ಯೂಟೇನ್ ಎರಡು ಪಟ್ಟು. ಸೋರಿದ್ದು ಹೊಗೆಯಂತೆ ಮೇಲಕ್ಕೆ ಹೋಗುವುದಿಲ್ಲ. ನೀರಿನಂತೆ ನೆಲದ ಮೇಲೆ ಹರಡುತ್ತದೆ, ಮಂಚದ ಕೆಳಗೆ, ಮೋರಿಯೊಳಗೆ, ತಗ್ಗಿನಲ್ಲಿ ಮಡುಗಟ್ಟುತ್ತದೆ. ನೆಲದ ಮೇಲೆ ಚಾಪೆ ಹಾಸಿ ಮಲಗುವವರು ನಾವು. ಮೇಲೆ ಬೆಳಕಿಂಡಿಯಿದೆ, ಹೋಗಿಬಿಡುತ್ತದೆ ಎಂದು ನಂಬಿ ಕೂರುವಂತಿಲ್ಲ; ಬಾಗಿಲು ತೆರೆಯಬೇಕು, ಹೊಸ್ತಿಲ ಮಟ್ಟದಲ್ಲಿ ಗಾಳಿಯಾಡಬೇಕು.

ಎರಡನೆಯದು ಹೊತ್ತಿಕೊಳ್ಳುವ ಲೆಕ್ಕ. ನೂರು ಪಾಲು ಗಾಳಿಯಲ್ಲಿ ಸುಮಾರು 2 ಪಾಲಿನಿಂದ 9 ಪಾಲಿನವರೆಗೆ ಈ ಅನಿಲ ಬೆರೆತರೆ ಕಿಡಿ ತಾಕಿದೊಡನೆ ಸ್ಫೋಟ. ಎರಡು ಪಾಲೆಂದರೆ ಎಷ್ಟು? ಹತ್ತಡಿ ಉದ್ದ, ಹತ್ತಡಿ ಅಗಲ, ಹತ್ತಡಿ ಎತ್ತರದ ಕೋಣೆ ಲೆಕ್ಕ ಹಿಡಿಯಿರಿ. ಆ ಕೋಣೆಯಿಡೀ ಸಿಡಿಮದ್ದಿನ ಪೆಟ್ಟಿಗೆಯಾಗಲು ಒಂದೂಕಾಲು ಕಿಲೋ ಗ್ಯಾಸು ಸಾಕು. ತುಂಬಿದ ಸಿಲಿಂಡರಿನಲ್ಲಿರುವುದು 14.2 ಕಿಲೋ. ಅನಿಲ ನೆಲ ಹಿಡಿದು ಕೂರುವುದರಿಂದ ಮೊಣಕಾಲ ಮಟ್ಟದವರೆಗೆ ಅಪಾಯವಾಗಲು ಅಷ್ಟೂ ಬೇಡ. ‘ಸಿಲಿಂಡರ್ ಸ್ಫೋಟ’ ಎಂದು ಪತ್ರಿಕೆಗಳು ತಲೆಬರಹ ಹಾಕುತ್ತವೆ. ಬಹಳ ಸಲ ಗೋಡೆ ಬಿದ್ದ ಮನೆಯೊಳಗೆ ಸಿಲಿಂಡರು ಮಾತ್ರ ಇಡಿಯಾಗಿ ನಿಂತಿರುತ್ತದೆ. ಸ್ಫೋಟವಾದದ್ದು ಕೋಣೆ. ಆದಕಾರಣ ಸಿಲಿಂಡರಿನ ಗಟ್ಟಿತನವನ್ನು ನಂಬಿ ಧೈರ್ಯದಿಂದಿರುವುದರಲ್ಲಿ ಅರ್ಥವಿಲ್ಲ. ನೋಡಬೇಕಾದ್ದು ಕೊಳವೆ, ರೆಗ್ಯುಲೇಟರು, ಒಲೆಯ ತಿರುಪು, ವಾಲ್ವಿನೊಳಗಿನ ಸಣ್ಣ ರಬ್ಬರು ಬಳೆ. ಒಳಗಿನ ಒತ್ತಡ ಒಂದು ಚದರ ಸೆಂಟಿಮೀಟರಿಗೆ ಹಲವು ಕಿಲೋಗಳಷ್ಟು. ರೆಗ್ಯುಲೇಟರು ಅದನ್ನು ಇಳಿಸಿ ಸುಮಾರು 30 ಗ್ರಾಂ ಮಾತ್ರ ಒಲೆಗೆ ಬಿಡುತ್ತದೆ. ನಮಗೂ ಆ ಒತ್ತಡಕ್ಕೂ ನಡುವೆ ನಿಂತಿರುವುದು ಅಂಗೈಯಗಲದ ಆ ಸಾಧನ. ಅದನ್ನು ಸಂತೆಯಲ್ಲಿ ಅಗ್ಗಕ್ಕೆ ಕೊಳ್ಳುವುದು ಉಳಿತಾಯವಲ್ಲ.

ಮೂರನೆಯದು ಮೂಗಿನ ವಿಚಾರ. ಈ ಅನಿಲಕ್ಕೆ ಸ್ವಂತ ವಾಸನೆಯಿಲ್ಲ. ಕೊಳೆತ ಈರುಳ್ಳಿಯಂತೆ ನಮಗೆ ಹೊಡೆಯುವ ನಾತ ಈಥೈಲ್ ಮರ್ಕ್ಯಾಪ್ಟನ್ ಎಂಬ ಗಂಧಕದ ವಸ್ತುವಿನದು, ಬೇಕೆಂದೇ ಬೆರೆಸಿದ್ದು. ಹೊತ್ತಿಕೊಳ್ಳುವ ಮಟ್ಟದ ಐದನೆಯ ಒಂದು ಪಾಲು ಸೋರಿದಾಗಲೇ ಮೂಗಿಗೆ ತಿಳಿಯುವಷ್ಟು ಅದನ್ನು ಹಾಕಬೇಕು. ಈ ಪದ್ಧತಿಯ ಹಿಂದೆ ಮಕ್ಕಳ ಸಾವು ಇದೆ. 1937ರ ಮಾರ್ಚ್ 18ರಂದು ಅಮೆರಿಕಾದ ಟೆಕ್ಸಾಸಿನ ನ್ಯೂ ಲಂಡನ್ ಎಂಬ ಊರಿನ ಶಾಲೆಯಲ್ಲಿ ವಾಸನೆಯಿಲ್ಲದ ನೈಸರ್ಗಿಕ ಅನಿಲ ನೆಲಮಾಳಿಗೆಯಲ್ಲಿ ತುಂಬಿಕೊಂಡು ಸಿಡಿದು ಸುಮಾರು 300 ಮಂದಿ, ಹೆಚ್ಚಿನವರು ಮಕ್ಕಳು, ಸತ್ತರು. ಆಮೇಲೆ ಅಲ್ಲಿ ವಾಸನೆ ಬೆರೆಸುವ ಕಾನೂನು ಬಂತು. ಆದರೆ ಮೂಗೂ ಯಾವಾಗಲೂ ಕಾವಲಿರುವುದಿಲ್ಲ. ನೆಗಡಿಯಾದವರಿಗೆ, ಮುದುಕರಿಗೆ, ಗಾಢ ನಿದ್ದೆಯಲ್ಲಿರುವವರಿಗೆ ಅದು ತಿಳಿಯದೆ ಹೋಗಬಹುದು. ತುಂಬ ಹೊತ್ತು ಅದೇ ವಾಸನೆಯಲ್ಲಿ ಇದ್ದವರಿಗೂ ಅಷ್ಟೆ. ರಾತ್ರಿಪಾಳಿ ಮುಗಿಸಿ ಬಂದು ಮಲಗಿದವನ ಮೂಗನ್ನು ನಂಬುವುದಕ್ಕಿಂತ, ಅಡುಗೆ ಮುಗಿದೊಡನೆ ಒಲೆಯ ತಿರುಪಿನ ಜೊತೆಗೆ ರೆಗ್ಯುಲೇಟರನ್ನೂ ಮುಚ್ಚುವುದು ಮೇಲು.

ವಾಸನೆ ಬಂದಾಗ ಮಾಡುವುದೇನು? ದೀಪದ ಸ್ವಿಚ್ಚು ಮುಟ್ಟಬೇಡಿ. ಹಾಕಲೂ ಬೇಡಿ, ಆರಿಸಲೂ ಬೇಡಿ. ಎರಡರಲ್ಲೂ ಕಿಡಿ ಹಾರುತ್ತದೆ. ಫ್ಯಾನು ಹಾಕಿ ಗ್ಯಾಸು ಓಡಿಸುತ್ತೇನೆಂದು ಹೋದ ಎಷ್ಟೋ ಮಂದಿ ಬೆಂದುಹೋಗಿದ್ದಾರೆ. ದೇವರ ದೀಪ, ಊದುಬತ್ತಿ, ಬೀಡಿ ಎಲ್ಲವೂ ಒಂದೇ. ರೆಗ್ಯುಲೇಟರು ಮುಚ್ಚಿ, ಬಾಗಿಲು ಕಿಟಕಿ ತೆರೆದು, ಮಕ್ಕಳನ್ನು ಕರೆದುಕೊಂಡು ಹೊರಗೆ ಬನ್ನಿ. ಆಮೇಲೆ ಹೊರಗಿನಿಂದ 1906ಕ್ಕೆ ಫೋನು ಮಾಡಿ. ಗ್ಯಾಸ್ ಸೋರಿಕೆಗೆಂದೇ ಇರುವ ನಂಬರು ಅದು, ಹಗಲೂ ರಾತ್ರಿಯೂ ಇರುತ್ತದೆ, ಮೂರೂ ಕಂಪೆನಿಗಳಿಗೆ ಒಂದೇ. ಸಿಲಿಂಡರಿನ ಜೊತೆ ದಾರ ಕಟ್ಟಿ ಬರುವ ಬಿಳಿಯ ಮುಚ್ಚಳವನ್ನು ನಮ್ಮವರು ಕಿತ್ತು ಎಸೆಯುತ್ತಾರೆ. ವಾಲ್ವು ಸೋರಿದಾಗ ಅದನ್ನು ಒತ್ತಿ ಹಾಕಿದರೆ ಸೋರಿಕೆ ನಿಲ್ಲುತ್ತದೆ, ಅದು ಇರುವುದೇ ಅದಕ್ಕೆ. ಎಲ್ಲಿ ಸೋರುತ್ತಿದೆಯೆಂದು ನೋಡಲು ಕಡ್ಡಿ ಗೀರುವ ಧೀರರು ಈಗಲೂ ಇದ್ದಾರೆ. ಸೋಪಿನ ನೀರು ಹಚ್ಚಿ, ಗುಳ್ಳೆ ಎದ್ದ ಕಡೆ ಸೋರಿಕೆ. ಕೊಳವೆಗೇ ಬೆಂಕಿ ಹತ್ತಿದ್ದರೆ, ಕೈ ಮುಟ್ಟುವಂತಿದ್ದರೆ ರೆಗ್ಯುಲೇಟರು ಮುಚ್ಚಬೇಕು. ಮುಟ್ಟುವಂತಿಲ್ಲದಿದ್ದರೆ ಪಾತ್ರೆ ಪಗಡಿಗಳ ಆಸೆ ಬಿಟ್ಟು ಹೊರಗೆ ಓಡಬೇಕು. ಗ್ಯಾಸು ಬರುತ್ತಲೇ ಇರುವಾಗ ಉರಿಯನ್ನು ಮಾತ್ರ ಆರಿಸುವುದರಿಂದ ಕೋಣೆ ತುಂಬುತ್ತದೆ. ಸುಟ್ಟ ಗಾಯಕ್ಕೆ ಇಪ್ಪತ್ತು ನಿಮಿಷ ನಲ್ಲಿಯ ತಣ್ಣೀರು ಬಿಡಿ. ಶಾಯಿ, ಟೂತ್‌ಪೇಸ್ಟು, ಉಪ್ಪು ಯಾವುದೂ ಬೇಡ.

ಸದ್ದಿಲ್ಲದೆ ಕೊಲ್ಲುವ ಇನ್ನೊಂದು ಬಗೆಯಿದೆ. ಒಂದು ಪಾಲು ಪ್ರೊಪೇನ್ ಸರಿಯಾಗಿ ಉರಿಯಲು ಸುಮಾರು 24 ಪಾಲು ಗಾಳಿ ಬೇಕು, ಬ್ಯೂಟೇನಿಗೆ 31. ಗಾಳಿ ಸಾಲದಿದ್ದರೆ ನೀಲಿ ಉರಿ ಹಳದಿಯಾಗುತ್ತದೆ, ಪಾತ್ರೆಗೆ ಮಸಿ ಹಿಡಿಯುತ್ತದೆ, ಕಾರ್ಬನ್ ಮೊನಾಕ್ಸೈಡ್ ಎಂಬ ವಿಷ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದಲ್ಲಿ ಆಮ್ಲಜನಕಕ್ಕಿಂತ 200 ಪಟ್ಟಿಗೂ ಮಿಕ್ಕಿ ಬಿಗಿಯಾಗಿ ಅಂಟಿಕೊಳ್ಳುತ್ತದೆ. ಕಿಟಕಿಯಿಲ್ಲದ ಬಚ್ಚಲಿನಲ್ಲಿ ಗ್ಯಾಸ್ ಗೀಜರು ಹಾಕಿಕೊಂಡು ಸ್ನಾನಕ್ಕೆ ಹೋದವರು ಹೊರಗೆ ಬಾರದೆ ಹೋದ ಸುದ್ದಿ ನಮ್ಮ ರಾಜ್ಯದಲ್ಲಿ ಚಳಿಗಾಲ ಬಂತೆಂದರೆ ಕೇಳಿಬರುತ್ತದೆ. ಬಾಡಿಗೆ ವಸೂಲಿ ಮಾಡುವ ಮನೆಯೊಡೆಯ ಬಚ್ಚಲಿಗೆ ಒಂದು ಅಡಿಯ ಕಿಂಡಿ ಇಡಿಸಲು ಹಿಂದೆಮುಂದೆ ನೋಡುತ್ತಾನೆ. ಪುರಸಭೆಯವರು ಕಂದಾಯ ಕಟ್ಟಿಸಿಕೊಂಡು ನಕ್ಷೆ ನೋಡದೆ ಮುದ್ರೆ ಒತ್ತುತ್ತಾರೆ. ಗೀಜರು ಹೊರಗೋಡೆಯ ಮೇಲಿರಲಿ, ನೀರು ಮಾತ್ರ ಒಳಗೆ ಬರಲಿ ಎಂದು ಬಾಡಿಗೆದಾರರು ಒಟ್ಟಾಗಿ ಹಟ ಹಿಡಿಯಬೇಕು.

ಇಲ್ಲಿಗೆ ಗುಣದ ಮಾತು ಸಾಕು, ಬೆಲೆಯ ಮಾತಿಗೆ ಬರೋಣ. ಬೆಲೆಗೂ ಬೆಂಕಿಗೂ ಸಂಬಂಧವಿದೆ.

2020ರ ಮೇ ತಿಂಗಳಿನಿಂದ ಸಾಮಾನ್ಯ ಗ್ರಾಹಕನಿಗೆ ಬರುತ್ತಿದ್ದ ಸಬ್ಸಿಡಿ ಬಹುಪಾಲು ನಿಂತುಹೋಯಿತು. 2025ರ ಏಪ್ರಿಲಿನಲ್ಲಿ ಸಿಲಿಂಡರಿಗೆ ಒಮ್ಮೆಗೇ 50 ರೂಪಾಯಿ ಏರಿಸಿದರು. ಉಜ್ವಲಾದ ಬಡವರಿಗೂ ಅಷ್ಟೇ ಏರಿಕೆ. ಉಜ್ವಲಾ ಮನೆಗಳಿಗೆ ಸಿಲಿಂಡರಿಗೆ 300 ರೂಪಾಯಿ ಕೊಡುತ್ತೇವೆನ್ನುತ್ತಾರೆ; ವರ್ಷಕ್ಕೆ ಹನ್ನೆರಡು ಸಿಲಿಂಡರಿಗೆ ಇದ್ದ ಆ ಸೌಲಭ್ಯವನ್ನು 2025-26ಕ್ಕೆ ಒಂಬತ್ತಕ್ಕೆ ಇಳಿಸಿದರು. ಸರಕಾರದ್ದೇ ಅಂಕಿಯ ಪ್ರಕಾರ ಈ ಮನೆಗಳು 2019-20ರಲ್ಲಿ ವರ್ಷಕ್ಕೆ ಸರಾಸರಿ 3 ಸಿಲಿಂಡರು, 2024-25ರಲ್ಲಿ ನಾಲ್ಕೂವರೆ ಸಿಲಿಂಡರು ತುಂಬಿಸಿಕೊಂಡವು. ಐದು ಜನರ ಸಂಸಾರಕ್ಕೆ ಒಂದು ಸಿಲಿಂಡರು ಒಂದು ತಿಂಗಳು, ಬಹಳ ಬಿಗಿಹಿಡಿದರೆ ಒಂದೂವರೆ ತಿಂಗಳು. ಉಳಿದ ದಿನಗಳಲ್ಲಿ ಆ ಮನೆಗಳಲ್ಲಿ ಉರಿಯುವುದೇನು? ಮತ್ತೆ ಅದೇ ಸೌದೆ, ಅದೇ ಹೊಗೆ. ದೇಶಕ್ಕೆ ಬೇಕಾದ ಗ್ಯಾಸಿನಲ್ಲಿ ಅರ್ಧಕ್ಕಿಂತ ಹೆಚ್ಚು ಹೊರಗಿನಿಂದ ಹಡಗಿನಲ್ಲಿ ಬರುತ್ತದೆ, ಅದರ ಬೆಲೆ ಕೊಲ್ಲಿಯ ದೇಶಗಳಲ್ಲಿ ನಿಶ್ಚಯವಾಗುತ್ತದೆ, ನಾವೇನು ಮಾಡಲಿ ಎಂದು ಮಂತ್ರಿಗಳು ಕೈಚೆಲ್ಲುತ್ತಾರೆ. ಈ ಮಾತಿನಲ್ಲಿ ನಿಜವಿದೆ. ಆದರೆ ಕೊಲ್ಲಿಯಲ್ಲಿ ಬೆಲೆ ಇಳಿದಾಗ ನಮ್ಮ ಬೀದಿಯಲ್ಲಿ ಅಷ್ಟೇ ಚುರುಕಾಗಿ ಏಕೆ ಇಳಿಯುವುದಿಲ್ಲ ಎಂಬುದಕ್ಕೆ ಉತ್ತರ ಬಂದಿಲ್ಲ.

ಸಣ್ಣ ವ್ಯಾಪಾರಿಯ ಪಾಡು ಇನ್ನೂ ವಿಚಿತ್ರ. ಮನೆಯ ಗ್ಯಾಸಿಗೆ ಜಿ.ಎಸ್.ಟಿ. ನೂರಕ್ಕೆ 5; ಹೋಟೆಲಿನವನ 19 ಕಿಲೋ ಸಿಲಿಂಡರಿಗೆ ನೂರಕ್ಕೆ 18. ದೊಡ್ಡ ಕಾರ್ಖಾನೆಯವನು ತಾನು ಕೊಂಡ ಸರಕಿನ ಮೇಲೆ ಕಟ್ಟಿದ ತೆರಿಗೆಯನ್ನು ಲೆಕ್ಕದಲ್ಲಿ ವಾಪಸು ಪಡೆಯುತ್ತಾನೆ. ನೂರಕ್ಕೆ 5ರ ದರದಲ್ಲಿ ತೆರಿಗೆ ಕಟ್ಟುವ ಸಣ್ಣ ಹೋಟೆಲಿನವನಿಗೆ ಆ ಅನುಕೂಲವಿಲ್ಲ. ಆ ಹದಿನೆಂಟೂ ಅವನ ಇಡ್ಲಿಯ ಮೇಲೆ ಬೀಳುತ್ತದೆ. ಮೇಲಾಗಿ ಈ ಸಿಲಿಂಡರಿನ ಬೆಲೆ ತಿಂಗಳ ಮೊದಲ ದಿನ ಬದಲಾಗುತ್ತದೆ. ಬೋರ್ಡಿನಲ್ಲಿ ಬರೆದ ದೋಸೆಯ ಬೆಲೆಯನ್ನು ತಿಂಗಳಿಗೊಮ್ಮೆ ಅಳಿಸಿ ಬರೆಯಲಾದೀತೇ? ಆದಕಾರಣ ಗಾಡಿಯ ಮೇಲೆ ಮಿರ್ಚಿ ಕರಿಯುವ ಹೆಂಗಸು ಮನೆಯ ಸಿಲಿಂಡರನ್ನೇ ತಂದಿಡುತ್ತಾಳೆ. 2000ದ ಇಸವಿಯ ಆಜ್ಞೆಯ ಪ್ರಕಾರ ಅದು ಅಪರಾಧ. ಆಹಾರ ಇಲಾಖೆಯವರು ಬಂದು ಗಾಡಿ ಸಮೇತ ಎತ್ತಿಕೊಂಡು ಹೋಗುತ್ತಾರೆ. ಕಾನೂನು ಮುರಿಯಿರೆಂದು ನಾವು ಹೇಳುವುದಿಲ್ಲ. ಆದರೆ ದೊಡ್ಡ ದೊಡ್ಡ ಮದುವೆಯ ಅಡುಗೆಶಾಲೆಗಳ ಹಿಂಬಾಗಿಲಿಗೆ ಇದೇ ಚುರುಕಿನಿಂದ ಹೋಗುವ ಇನ್‌ಸ್ಪೆಕ್ಟರನ್ನು ನಾವು ಇನ್ನೂ ಕಂಡಿಲ್ಲ.

ಇದೇ ಕಾರಣದಿಂದ ಊರೂರಿನ ಗಲ್ಲಿಗಳಲ್ಲಿ ಒಂದು ಕಸುಬು ಬೆಳೆದಿದೆ. ದೊಡ್ಡ ಸಿಲಿಂಡರನ್ನು ತಲೆಕೆಳಗೆ ನಿಲ್ಲಿಸಿ, ಕೊಳವೆ ಹಾಕಿ, ಯಾವ ಗುರುತೂ ಇಲ್ಲದ ಸಣ್ಣ ಡಬ್ಬಿಗಳಿಗೆ ಗ್ಯಾಸು ಇಳಿಸಿ ಕಿಲೋ ಲೆಕ್ಕದಲ್ಲಿ ಮಾರುವುದು. ಕೊಳ್ಳುವವರು ಯಾರು? ಕೋಣೆ ಬಾಡಿಗೆಗೆ ಹಿಡಿದ ಪರಊರಿನ ಕೂಲಿಯವರು, ಓದುವ ಹುಡುಗರು, ವಿಳಾಸದ ಕಾಗದವಿಲ್ಲದವರು. ಒಮ್ಮೆಗೇ ಪೂರಾ ಸಿಲಿಂಡರಿನ ದುಡ್ಡು ಕೊಡಲಾರದವರು ಕಿಲೋಗೆ ಹೆಚ್ಚು ಬೆಲೆ ತೆರುತ್ತಾರೆ. ಬಡತನಕ್ಕೆ ಬಡ್ಡಿ ಕಟ್ಟುವ ಹಳೆಯ ಪದ್ಧತಿ. ಅಪಾಯವೂ ಅಲ್ಲೇ ಹೆಚ್ಚು. ಈ ದ್ರವ ಬಿಸಿಗೆ ಹಿಗ್ಗುವುದು ನೀರು ಹಿಗ್ಗುವುದರ ಸುಮಾರು ಹತ್ತು ಪಟ್ಟು. ಅದಕ್ಕೇ ಕಂಪೆನಿಯಲ್ಲಿ ತುಂಬುವಾಗ ಮೇಲೆ ಆರನೆಯದೋ ಐದನೆಯದೋ ಒಂದು ಪಾಲು ಜಾಗ ಖಾಲಿ ಬಿಡುತ್ತಾರೆ. ಗಲ್ಲಿಯಲ್ಲಿ ತೂಕವಿಲ್ಲದೆ ಕಂಠಪೂರ್ತಿ ತುಂಬಿದ ಡಬ್ಬಿ ಬಿಸಿಲಿಗೆ ಬಂದರೆ ದ್ರವ ಹಿಗ್ಗಲು ಜಾಗವಿಲ್ಲದೆ ತಗಡನ್ನೇ ಸೀಳುತ್ತದೆ.

ಇದಕ್ಕೆ ಪೋಲೀಸರ ಲಾಠಿಯೊಂದೇ ಮದ್ದಲ್ಲ. ವಿಳಾಸದ ಪುರಾವೆಯಿಲ್ಲದೆ ಕೊಳ್ಳಬಹುದಾದ 5 ಕಿಲೋ ಸಿಲಿಂಡರನ್ನು 2013ರ ಅಕ್ಟೋಬರಿನಲ್ಲಿ, ನಮ್ಮವರೇ ಆದ ವೀರಪ್ಪ ಮೊಯಿಲಿಯವರು ಪೆಟ್ರೋಲಿಯಂ ಮಂತ್ರಿಯಾಗಿದ್ದಾಗ, ಬೆಂಗಳೂರಿನಲ್ಲೇ ಬಿಡುಗಡೆ ಮಾಡಿದರು. ಗುರುತಿನ ಚೀಟಿಯೊಂದಿದ್ದರೆ ಸಾಕು. ಒಳ್ಳೆಯ ಯೋಜನೆ. ಆದರೆ ಅದಕ್ಕೆ ಸಬ್ಸಿಡಿಯಿಲ್ಲ, ಮಾರುಕಟ್ಟೆಯ ಬೆಲೆ. ನಮ್ಮ ಬೇಡಿಕೆ ಸ್ಪಷ್ಟವಾಗಿದೆ: ಈ ಸಣ್ಣ ಸಿಲಿಂಡರು ಗಿರಣಿಯ ಗೇಟಿನ ಬಳಿ, ನ್ಯಾಯಬೆಲೆ ಅಂಗಡಿಯಲ್ಲಿ, ಬಸ್ ನಿಲ್ದಾಣದಲ್ಲಿ ಸಿಗಬೇಕು, ಇದಕ್ಕೂ, ಸಣ್ಣ ಹೋಟೆಲು ಗಾಡಿಯವರು ಕೊಳ್ಳುವ ಮೊದಲ ಕೆಲವು ಸಿಲಿಂಡರುಗಳಿಗೂ ಮನೆಯ ಗ್ಯಾಸಿನಷ್ಟೇ, ನೂರಕ್ಕೆ 5ರ ತೆರಿಗೆ ಇರಬೇಕು. ಅಗ್ಗವಾಗಿ, ಸರಿಯಾದ ತೂಕದಲ್ಲಿ, ಗುರುತಿರುವ ಸಿಲಿಂಡರು ಸಿಕ್ಕ ದಿನ ಗಲ್ಲಿಯ ಕಸುಬು ತಾನಾಗಿ ಬೀಳುತ್ತದೆ.

ಹೋಟೆಲು, ಬೇಕರಿ, ಖಾನಾವಳಿಯವರಿಗೆ ಇನ್ನೊಂದು ಮಾತು. ಲೈಸೆನ್ಸಿಲ್ಲದೆ ಒಂದು ಕಡೆ ಇಟ್ಟುಕೊಳ್ಳಬಹುದಾದ ಗ್ಯಾಸು 100 ಕಿಲೋ ಮಾತ್ರ. 19 ಕಿಲೋದ ಐದು ಸಿಲಿಂಡರಾದರೆ 95 ಆಯಿತು. ಹಬ್ಬಕ್ಕೆಂದು ಆರನೆಯದನ್ನು ತಂದು ಅಟ್ಟದ ಮೆಟ್ಟಿಲ ಕೆಳಗೆ ಒರಗಿಸಿದರೆ ಕಾನೂನಿಗೂ ವಿರುದ್ಧ, ಬುದ್ಧಿಗೂ ವಿರುದ್ಧ. ಮುಗಿಯುತ್ತ ಬಂದ ಸಿಲಿಂಡರನ್ನು ಅಡ್ಡ ಮಲಗಿಸುವುದು, ಕುದಿಯುವ ನೀರು ಸುರಿಯುವುದು ನಮ್ಮ ಅಡುಗೆಭಟ್ಟರ ಹಳೆಯ ಚಾಳಿ. ಮಲಗಿಸಿದರೆ ಅನಿಲದ ಬದಲು ದ್ರವವೇ ಕೊಳವೆಗೆ ನುಗ್ಗಿ, ಬರ್ನರಿನಲ್ಲಿ ನೂರಾರು ಪಾಲು ಹಿಗ್ಗಿ ಆಳುದ್ದ ಉರಿ ಏಳುತ್ತದೆ. ಎಷ್ಟು ಉಳಿದಿದೆಯೆಂದು ತಿಳಿಯಬೇಕಿದ್ದರೆ ಒದ್ದೆ ಬಟ್ಟೆಯಿಂದ ಸಿಲಿಂಡರನ್ನು ಒರೆಸಿ ನೋಡಿ: ಮೇಲಿನ ಭಾಗ ಬೇಗ ಒಣಗುತ್ತದೆ, ಒಳಗೆ ದ್ರವವಿರುವ ಮಟ್ಟದ ತನಕ ತೇವ ಉಳಿಯುತ್ತದೆ.

ಮನೆಬಾಗಿಲಿಗೆ ಸಿಲಿಂಡರು ಬಂದಾಗ ನಮಗೆ ಕೆಲವು ಹಕ್ಕುಗಳುಂಟು. ಖಾಲಿ ಸಿಲಿಂಡರಿನ ತೂಕ ಅದರ ಮೈಮೇಲೆಯೇ ಬರೆದಿರುತ್ತದೆ. 15.3 ಎಂದಿದ್ದರೆ ತುಂಬಿದ್ದು 29.5 ಕಿಲೋ ತೂಗಬೇಕು. ತೂಗಿ ಕೊಡಿರೆಂದು ಕೇಳಿ. ತಕ್ಕಡಿ ತರುವುದು ಅವರ ಕರ್ತವ್ಯ. ಹಿಡಿಯ ಪಟ್ಟಿಯ ಒಳಮೈಯಲ್ಲಿ ಒಂದು ಅಕ್ಷರ, ಎರಡು ಅಂಕಿ ಇರುತ್ತವೆ. ಎ ಎಂದರೆ ಮಾರ್ಚ್, ಬಿ ಎಂದರೆ ಜೂನ್, ಸಿ ಎಂದರೆ ಸೆಪ್ಟೆಂಬರ್, ಡಿ ಎಂದರೆ ಡಿಸೆಂಬರ್. ‘ಸಿ-27’ ಎಂದಿದ್ದರೆ 2027ರ ಸೆಪ್ಟೆಂಬರಿನೊಳಗೆ ಅದನ್ನು ಮತ್ತೆ ಪರೀಕ್ಷೆಗೆ ಕಳುಹಿಸಬೇಕು. ಅವಧಿ ಮೀರಿದ್ದನ್ನು ವಾಪಸು ಕಳುಹಿಸಿ. ಕಿತ್ತಳೆ ಬಣ್ಣದ ‘ಸುರಕ್ಷಾ’ ಕೊಳವೆಯನ್ನು ಐದು ವರ್ಷಕ್ಕೊಮ್ಮೆ ಬದಲಾಯಿಸಬೇಕು. ಇಲಿ ಕಚ್ಚಿದ್ದರೆ ಆ ದಿನವೇ.

ಸಿಲಿಂಡರು ಹೊತ್ತು ತರುವ ಹುಡುಗನ ಮೇಲೆ ಮಾತ್ರ ಕೂಗಾಡಬೇಡಿ. ರಸೀತಿಯ ಮೇಲೆ ಇಪ್ಪತ್ತೋ ಮೂವತ್ತೋ ಹೆಚ್ಚು ಕೇಳುತ್ತಾನೆ, ಅದು ಸಲ್ಲದು, ನಿಜ. ರಸೀತಿಯ ಬೆಲೆಯಲ್ಲೇ ಮನೆಗೆ ತಲುಪಿಸುವ ಖರ್ಚೂ ಸೇರಿದೆ. ಆ ದುಡ್ಡು ಡೀಲರಿನ ಪೆಟ್ಟಿಗೆಯಲ್ಲಿ ಕುಳಿತು, ಮೂವತ್ತು ಕಿಲೋ ಭಾರ ಹೊತ್ತು ಮೂರು ಮಹಡಿ ಹತ್ತುವವನಿಗೆ ಎಷ್ಟೋ ಕಡೆ ನೆಟ್ಟಗೆ ಸಂಬಳವೇ ಇಲ್ಲ. ಗಿರಾಕಿಯಿಂದ ವಸೂಲು ಮಾಡಿಕೋ ಎಂದು ಬಿಟ್ಟಿರುತ್ತಾರೆ. ಅವನನ್ನು ಕಾರ್ಮಿಕನೆಂದು ಪರಿಗಣಿಸಿ ಕನಿಷ್ಠ ಕೂಲಿ ಕೊಡಿಸುವುದು ಕಾರ್ಮಿಕ ಇಲಾಖೆಯ ಕೆಲಸ. ಕೊಳವೆ ಪರೀಕ್ಷೆ ಮಾಡಿ, ಮನೆಯವರಿಗೆ ಎರಡು ಮಾತು ತಿಳಿಸಿ ಬರುವ ತರಬೇತಿಯನ್ನೂ ಅವನಿಗೇ ಕೊಟ್ಟರೆ ಪುಸ್ತಕ ಹಂಚುವುದಕ್ಕಿಂತ ಹೆಚ್ಚು ಜೀವ ಉಳಿದಾವು.

ಮನೆಯ ಹೊರಗೂ ನಮ್ಮ ಪಕ್ಕದಲ್ಲೇ ಈ ಅನಿಲ ಓಡಾಡುತ್ತಿದೆ. 2012ರ ಆಗಸ್ಟ್ 27ರಂದು ಮಂಗಳೂರಿನಿಂದ ಹೊರಟಿದ್ದ ಟ್ಯಾಂಕರು ಕೇರಳದ ಕಣ್ಣೂರು ಬಳಿಯ ಚಾಲದಲ್ಲಿ ಉರುಳಿ 20 ಮಂದಿ ಸತ್ತರು. 2013ರ ಏಪ್ರಿಲ್ 9ರಂದು ಉಪ್ಪಿನಂಗಡಿ ಸಮೀಪದ ಪೆರ್ನೆಯಲ್ಲಿ ಟ್ಯಾಂಕರು ಮಗುಚಿ ದಾರಿಬದಿಯ ಮನೆಗಳೇ ಉರಿದುಹೋದವು. ಟ್ಯಾಂಕರು ಉರುಳಿತೆಂದು ಕೇಳಿದರೆ ನಮ್ಮ ಜನ ನೋಡಲು ಓಡುತ್ತಾರೆ. ಓಡಬೇಕಾದದ್ದು ಗಾಳಿ ಬೀಸುವ ಕಡೆಗಲ್ಲ, ಗಾಳಿ ಬರುವ ದಿಕ್ಕಿಗೆ, ತಗ್ಗು ಬಿಟ್ಟು ಎತ್ತರಕ್ಕೆ; ಮೋಟಾರು ಚಾಲೂ ಮಾಡದೆ, ಬೀಡಿ ಹಚ್ಚದೆ.

ಕೊನೆಗೆ ಬಹುಮಂದಿಗೆ ತಿಳಿಯದ ಒಂದು ಸಂಗತಿ. ಎಣ್ಣೆ ಕಂಪೆನಿಗಳು ಗ್ರಾಹಕರೆಲ್ಲರ ಪರವಾಗಿ ವಿಮೆ ಮಾಡಿಸಿವೆ. ನಾವು ಬೇರೆ ಕಂತು ಕಟ್ಟಬೇಕಾಗಿಲ್ಲ. ಸರಕಾರ ಪಾರ್ಲಿಮೆಂಟಿಗೆ ತಿಳಿಸಿರುವಂತೆ, ಗ್ಯಾಸಿನಿಂದಾದ ಅಪಘಾತದಲ್ಲಿ ಸತ್ತವರಿಗೆ ತಲಾ 6 ಲಕ್ಷ ರೂಪಾಯಿ. ಗಾಯಗೊಂಡವರ ಚಿಕಿತ್ಸೆಗೆ ಒಂದು ಘಟನೆಗೆ 30 ಲಕ್ಷದ ಮಿತಿಯೊಳಗೆ ತಲಾ 2 ಲಕ್ಷದವರೆಗೆ. ಮನೆ ಸಾಮಾನಿನ ನಷ್ಟಕ್ಕೆ 2 ಲಕ್ಷದವರೆಗೆ. ಅಪಘಾತವಾದೊಡನೆ ಡೀಲರಿಗೆ ಬರೆದು ತಿಳಿಸಬೇಕು, ಅವನು ಕಂಪೆನಿಗೆ, ಕಂಪೆನಿ ವಿಮೆಯವರಿಗೆ ತಿಳಿಸಬೇಕು. ಪೋಲೀಸು ವರದಿ, ಮರಣೋತ್ತರ ಪರೀಕ್ಷೆಯ ವರದಿ, ಆಸ್ಪತ್ರೆಯ ಬಿಲ್ಲುಗಳು ಬೇಕು. ಆದರೆ ಮನೆಯ ನಷ್ಟ ಸಿಗುವುದು ಡೀಲರಿನ ಪುಸ್ತಕದಲ್ಲಿ ದಾಖಲಾಗಿರುವ ವಿಳಾಸದಲ್ಲಿ ಅಪಘಾತವಾಗಿದ್ದರೆ ಮಾತ್ರ. ನಮ್ಮ ಚಾಳುಗಳಲ್ಲಿ ಎಷ್ಟೋ ಸಂಪರ್ಕಗಳು ತೀರಿಕೊಂಡ ತಂದೆಯ ಹೆಸರಿನಲ್ಲಿ, ಬಿಟ್ಟುಬಂದ ಹಳೆಯ ಕೋಣೆಯ ವಿಳಾಸದಲ್ಲಿ ಇನ್ನೂ ನಡೆಯುತ್ತಿವೆ. ಹೆಸರು, ವಿಳಾಸ ಬದಲಾಯಿಸಲು ಗ್ಯಾಸಿನ ಪುಸ್ತಕ, ಗುರುತಿನ ಚೀಟಿ, ಈಗಿನ ವಿಳಾಸದ ಕಾಗದ, ಒಡೆಯ ತೀರಿಕೊಂಡಿದ್ದರೆ ಮರಣ ಪತ್ರ ಹಿಡಿದು ಡೀಲರಿನ ಅಂಗಡಿಗೆ ಹೋಗಬೇಕು. ಅರ್ಜಿ ಬರೆಯಲು ಬಾರದವರು ಯೂನಿಯನ್ ಆಫೀಸಿಗೆ ಬಂದರೆ ಬರೆದುಕೊಡುವವರು ಇದ್ದಾರೆ.